ಹಾಲ್‌ನ ಒಂದೇ ಮೊಳೆ

ನಮ್ಮ ಮೆಹದಿಪಟ್ಟಣಂ ಬಾಡಿಗೆ ಮನೆಯ ಹಾಲ್‌ನಲ್ಲಿ ಇರುವುದು ಒಂದೇ ಮೊಳೆ. ಇನ್ನೊಂದು ಹೊಡೆಯಲು ಮಾಲೀಕರ ಅಪ್ಪಣೆಯಿಲ್ಲ. ಆ ಮೊಳೆಯಲ್ಲಿ ತೂಗುತ್ತಿರುವವನು ನನ್ನ ಗಂಡನ ಆರಾಧ್ಯ ನಟ: ಹರಿದ ಬನಿಯನ್, ಹಣೆಯ ಮೇಲೆ ಬಣ್ಣದ ರಕ್ತ, ಕೈಯಲ್ಲಿ ಸರಪಳಿ. ನಮ್ಮ ಮದುವೆಯ ಫೋಟೋ ಫ್ರಿಜ್ ಮೇಲಿದೆ. ಫ್ರಿಜ್ ನಡುಗಿದಾಗಲೆಲ್ಲ ನಾವಿಬ್ಬರೂ ನಡುಗುತ್ತೇವೆ.

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ಓದಿದವಳಿಗೆ ಶೋಭೆಯಲ್ಲ, ಗೊತ್ತು. ಆದರೆ ಬದುಕಿರುವ ಪ್ರತಿಸ್ಪರ್ಧಿಗೆ ವಯಸ್ಸಾದರೂ ಆಗುತ್ತದೆ. ಓಡುವ ಲಾರಿಯಿಂದ ಡ್ಯೂಪ್ ಇಲ್ಲದೆ ಹಾರುತ್ತಿದ್ದ ಈತ ಮೂವತ್ತೆರಡಕ್ಕೇ ಸಾದಾ ಜ್ವರದಲ್ಲಿ ಹೋಗಿಬಿಟ್ಟ. ಅಂದಿನಿಂದ ಅವನಿಗೆ ಹೊಟ್ಟೆ ಬಂದಿಲ್ಲ, ಕೂದಲು ಉದುರಿಲ್ಲ, ಒಂದು ಕೆಟ್ಟ ಸಿನಿಮಾವನ್ನೂ ಮಾಡಿಲ್ಲ. ಕೊತ್ತಂಬರಿ ತರಲು ಮರೆಯುವ ನನ್ನ ಗಂಡ ಪ್ರತಿ ವರ್ಷ ಅವನ ಹೆಸರಿನಲ್ಲಿ ರಕ್ತ ಕೊಡುವುದನ್ನು ಮರೆತಿಲ್ಲ. ಮಲ್ಲಿಗೆ ನನಗೆ ಹಬ್ಬಕ್ಕೆ. ಅವನಿಗೆ ದಿನವೂ, ಅದೂ ಅತ್ತೆಯ ಕೈಯಿಂದಲೇ.

ಕಳೆದ ತಿಂಗಳು ಬೀದರಿನಿಂದ ಅಮ್ಮ ಬರುವವರಿದ್ದರು. ಮಗಳನ್ನು ಫ್ರಿಜ್ ಮೇಲೆ ಕಂಡರೆ ಏನೆಂದುಕೊಂಡಾರು?

"ನಾಕ ದಿನ ಆ ಮೊಳಿ ನಮಗ ಬಿಡ್ರಿ" ಎಂದೆ.

"ಅಣ್ಣನ್ನ ಇಳಸೂದಾ? ಏನ್ ಮಾತಾಡಾಕತ್ತಿ?" ಗಂಡ ಎದ್ದೇ ನಿಂತರು.

ಹೀರೇಕಾಯಿ ಹೆರೆಯುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ನಿಮ್ಮ ಮಾವನ ಫೋಟೋ ಕಪಾಟದಾಗ ಐತಿ. ನಾ ಏನರ ಅಂದೀನೇನವ್ವಾ? ಪಾಳಿ ಹಚ್ಚೀನಿ."

ಸರದಿಯಲ್ಲಿ ಮಾವನವರೂ ನನಗಿಂತ ಮುಂದಿದ್ದರು!

ನಾನು ಜಗಳವಾಡುವವಳಲ್ಲ, ಮಾತು ಬಿಟ್ಟೆ. ಸಂಜೆಯೊಳಗೆ ಗಂಡ "ನಾಕ ದಿನ ಅಷ್ಟ, ಮತ್ತ" ಎನ್ನುತ್ತ ಸ್ಟೂಲ್ ಹತ್ತಿ, ಅವನನ್ನು ಇಳಿಸಿ ನಮ್ಮನ್ನು ಏರಿಸಿದರು. ಊಟ ಮಾಡುವಾಗ ನಾನು ತಟ್ಟೆಗಿಂತ ಗೋಡೆಯನ್ನೇ ಹೆಚ್ಚು ನೋಡಿದೆ.

ಮರುದಿನ ಬೆಳಿಗ್ಗೆ ಗಂಡ ಕಾಚಿಗೂಡ ಸ್ಟೇಷನ್ನಿನಿಂದ ಅಮ್ಮನನ್ನು ಕರೆತಂದರು. ಬಾಗಿಲು ದಾಟಿದವರೇ ಅಮ್ಮ ಚೀಲ ಕೈಬಿಟ್ಟರು.

"ಯವ್ವಾ! ನನ್ನ ಮಗಳಿಗೆ ಏನಾತ್ರಿ!"

ನಾನು ಅಡುಗೆಮನೆಯಿಂದ ಸೌಟಿನ ಸಮೇತ ಓಡಿ ಬಂದೆ. ಗೋಡೆಯ ಮೇಲೆ ನಮ್ಮಿಬ್ಬರಿಗೂ ಸೇರಿ ಒಂದೇ ಮಲ್ಲಿಗೆ ಹಾರ, ಕೆಳಗೆ ಊದಿನಕಡ್ಡಿಯ ಹೊಗೆ. ಜೀವಂತ ಅಳಿಯ ಪಕ್ಕದಲ್ಲೇ ನಿಂತಿದ್ದರೂ ಅಮ್ಮ ನನ್ನ ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡಿದರು.

"ರೂಢಿ ನೋಡ್ರಿ ಬೀಗರ, ಚಷ್ಮಾನೂ ಇದ್ದಿದ್ದಿಲ್ಲ" ಎಂದರು ಅತ್ತೆ. "ಮೊಳಿ ಮ್ಯಾಲ ಯಾರ ಅದಾರ ಅಂತ ದಿನಾ ಯಾರು ನೋಡ್ತಾರ?"

ನಾನೇ ಸ್ಟೂಲ್ ಎಳೆದುಕೊಂಡೆ. ನಮ್ಮನ್ನು ಇಳಿಸಿ, ಅವನನ್ನು ತೂಗುಹಾಕಿ, ಹಾರವನ್ನೂ ಅವನಿಗೇ ಹಾಕಿದೆ. ಅವನಿಗೆ ಅದು ಚೆನ್ನಾಗಿ ಒಪ್ಪಿತು. ಅದಕ್ಕೂ ಹೊಟ್ಟೆ ಉರಿಯಿತು. ಹಾರದ ತುದಿಯಿಂದ ಒಂದು ಗೇಣು ಕತ್ತರಿಸಿ ನನ್ನ ಜಡೆಗೆ ಮುಡಿದುಕೊಂಡು ಕೆಳಗಿಳಿದೆ.