ಹಾರ ಹಾಕಿಕೊಂಡ ಡಿಪಿ

ನನಗೆ ನನ್ನ ಮುಖದ ಮೇಲೆ ಸ್ವಲ್ಪ ಮೋಹ ಜಾಸ್ತಿ. ಹೆಂಡತಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ. ಬ್ಯಾಂಕಿನಿಂದ ನಿವೃತ್ತನಾದ ದಿನ ಜೊತೆಯವರು ಗಾಂಧಿ ಬಜಾರಿನಿಂದ ದಪ್ಪ ಸುಗಂಧರಾಜದ ಹಾರ ತಂದು ಹಾಕಿ, ಹಣೆಗೆ ಕುಂಕುಮವಿಟ್ಟು ಫೋಟೋ ತೆಗೆದಿದ್ದರು. ಇಂದಿಗೂ ಅದೇ ನನ್ನ ವಾಟ್ಸಾಪ್ ಡಿಪಿ. "ಮದುವೆ ಗಂಡಿಗೂ ಇಷ್ಟು ಆಸೆ ಇರಲ್ಲ, ತೆಗೀರಿ ಅದನ್ನ" ಎಂದು ಅವಳು ಗೊಣಗುತ್ತಲೇ ಇರುತ್ತಾಳೆ.

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಫೋನು ತಾನಾಗಿ ಅಪ್‌ಡೇಟ್ ಆಗಿ ಕೂತಿತ್ತು. ಅಂದೇ ಸಂಜೆ ಮಗಳು ಶ್ರುತಿ ಮೆಚ್ಚಿದ ಹುಡುಗನ ಮನೆಯವರು ಮತ್ತಿಕೆರೆಯಿಂದ ಮೊದಲ ಸಲ ನಮ್ಮ ಬಸವನಗುಡಿ ಮನೆಗೆ ಬರುವವರಿದ್ದರು. ಹುಡುಗನ ಅಜ್ಜಿ ಬಹಳ ಶಾಸ್ತ್ರದವರು. ಮೊಮ್ಮಗ ತಿಂಗಳುಗಟ್ಟಲೆ ಗೋಗರೆದ ಮೇಲೆ ಬರಲು ಒಪ್ಪಿದ್ದರು. ದಾರಿ ಕಳಿಸೋಣವೆಂದು ಫೋನು ತೆರೆದವನು ಅಭ್ಯಾಸಬಲದಿಂದ ಮೊದಲು ನನ್ನ ಡಿಪಿ ನೋಡಿದೆ. ಫೋಟೋ ಕಪ್ಪು ಬಿಳುಪಾಗಿತ್ತು! ಹಾರ, ಹಣೆಯ ಬೊಟ್ಟು, ಶಾಂತವಾದ ನಗು. ಗೋಡೆಗೆ ಮೊಳೆ ಹೊಡೆಯುವುದೊಂದೇ ಬಾಕಿ.

ಅಜ್ಜಿ ಇದನ್ನು ಕಂಡರೆ ನಮ್ಮ ಮನೆಯಲ್ಲಿ ಸೂತಕವೆಂದು ಹೊಸಲು ದಾಟುವುದಿಲ್ಲ. ಮೊದಲ ದಿನವೇ ಅಪಶಕುನವಾದರೆ ಶ್ರುತಿಯ ಸಂಬಂಧ ಮುರಿದ ಹಾಗೆಯೇ. ಫೋಟೋ ತೆಗೆದು ಮತ್ತೆ ಹಾಕಿದೆ. ಫೋನು ಆರಿಸಿ ಹಚ್ಚಿದೆ. ಬೇರೊಂದು ಫೋಟೋ ಹಾಕಿದರೆ ಅದರಲ್ಲೂ ದಿವಂಗತನೇ. ಹೂವು ತರಲು ಹೋದ ತಾಯಿ ಮಗಳು ಇಬ್ಬರೂ ಫೋನ್ ಎತ್ತುತ್ತಿಲ್ಲ. ತಡೆಯಲಾರದೆ ಹುಡುಗನ ತಂದೆಗೇ ಫೋನ್ ಮಾಡಿದೆ.

"ಸಾರ್, ನಾನು ಚೆನ್ನಾಗಿದೀನಿ. ನಮ್ಮನೇಲಿ ಯಾರೂ ಹೋಗಿಲ್ಲ, ಸೂತಕ ಇಲ್ಲ. ಅಜ್ಜಿಗೆ ಹೇಳ್ಬಿಡಿ."

"ಯಾಕ್ ಸಾರ್, ಯಾರಿಗಾದ್ರೂ ಸೀರಿಯಸ್ಸಾ?" ಎಂದರು. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಯಾರಂತೋ ಹೋಗಿದ್ದು?"

ಏನೋ ಉಸುರಿ ಫೋನಿಡುವಷ್ಟರಲ್ಲಿ ಶ್ರುತಿ ಬಂದಳು. ವಿಷಯ ಕೇಳಿ ನನ್ನ ಫೋನು ಕಸಿದು ನೋಡಿದಳು. "ಅಪ್ಪಾ, ಡಿಪಿ ಸರಿಯಾಗೇ ಇದೆ. ಅಪ್‌ಡೇಟ್ ಆದ್ಮೇಲೆ ನಿಮ್ಮ ಫೋನೇ ಪೂರ್ತಿ ಬ್ಲಾಕ್ ಅಂಡ್ ವೈಟ್ ಆಗಿದೆ. ಬೇರೆಯವರ ಫೋಟೋನೂ ಹಾಗೇ ಇದ್ವಲ್ಲ, ನೋಡ್ಲಿಲ್ವಾ?" ಎಂದು ಎಲ್ಲೋ ಒತ್ತಿದಳು. ಬಣ್ಣ ಬಂತು.

ನೋಡಿರಲಿಲ್ಲ. ಬೆಳಿಗ್ಗೆಯಿಂದ ಆ ಫೋನಿನಲ್ಲಿ ನನ್ನ ಮುಖ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ.

ಸಂಜೆ ಅವರು ಬಂದರು. ಹುಡುಗಿಯನ್ನು ನೋಡಲು ಬಂದ ಅಜ್ಜಿ ಕಾಫಿ ಮುಗಿಯುವವರೆಗೂ ನನ್ನನ್ನೇ ನೋಡಿದರು. ನನ್ನ ಮುಖವನ್ನು ಅಷ್ಟು ಗಮನವಿಟ್ಟು ನೋಡಿದವರು, ನನ್ನನ್ನು ಬಿಟ್ಟರೆ, ಅವರೊಬ್ಬರೇ. ಲೋಟ ಕೆಳಗಿಟ್ಟು ನನ್ನ ಹೆಂಡತಿಯ ಕೈ ಹಿಡಿದು ಹೇಳಿದರು: "ಹುಡುಗಿ ಲಕ್ಷಣವಾಗಿದಾಳಮ್ಮ. ಮದುವೆ ಬೇಗ ಮುಗಿಸ್ಬಿಡೋಣ. ಇವರು ಗಟ್ಟಿಯಾಗಿರೋವಾಗ್ಲೇ."