ಎದುರುಬದುರು ಗೋಡೆಗಳ ಎರಡು ಟಿವಿಗಳಿಗೆ ಒಂದು ಅಹವಾಲು

ಇವರಿಗೆ,
ಶ್ರೀಯುತ ಉತ್ತರ ಗೋಡೆಯ ಟಿವಿಯವರು ಹಾಗೂ ಶ್ರೀಯುತ ದಕ್ಷಿಣ ಗೋಡೆಯ ಟಿವಿಯವರು,
ಮಾಜಿ ಸೈನಿಕರ ಸಭಾಭವನ, ಪೈನ್ ಬೆಂಡ್, ವಿಸ್ಕಾನ್ಸಿನ್.

ಮಾನ್ಯರೇ,

ತಮ್ಮಿಬ್ಬರ ಪರದೆಗಳಿಗೂ ಸಮಸಮನಾದ ನಮಸ್ಕಾರಗಳು. ಒಬ್ಬರ ಹೆಸರನ್ನು ಮೊದಲು ಬರೆದದ್ದಕ್ಕೆ ಇನ್ನೊಬ್ಬರು ದಯವಿಟ್ಟು ಬೇಸರಿಸಬಾರದು. ಅಡುಗೆಮನೆಯಿಂದ ಹೊರಬಂದವರಿಗೆ ಉತ್ತರದ ಗೋಡೆಯೇ ಮೊದಲು ಕಾಣುತ್ತದೆ, ಅದರ ಹೊರತು ನನಗೆ ಬೇರೆ ದುರುದ್ದೇಶವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ನಮ್ಮೂರಿನಲ್ಲಿ ಈಗ ಉಪ್ಪಿನ ಡಬ್ಬಿಯನ್ನು ಯಾವ ಕೈಯಿಂದ ದಾಟಿಸಿದರು ಎಂಬುದರ ಮೇಲೂ ಮನುಷ್ಯ ಯಾವ ಪಕ್ಷದವನೆಂದು ತೀರ್ಮಾನವಾಗುತ್ತದೆ.

ನಾನು ಬರ್ನೀಸ್ ಕುಲಾಸ್, ಪ್ರತಿ ಶುಕ್ರವಾರ ಇಲ್ಲಿ ಊರೆಲ್ಲ ಸೇರುವ ಮೀನೂಟಕ್ಕೆ ಎಲೆಕೋಸಿನ ಸಲಾಡ್ ಮಾಡಿಕೊಡುವ ಮುದುಕಿ. ತಾವು ಆಗಮಿಸುವ ಮೊದಲು ಈ ಭವನದಲ್ಲಿ ಒಂದೇ ಟಿವಿ ಇತ್ತು. ಅದರಲ್ಲಿ ಫುಟ್‌ಬಾಲ್ ಬರುತ್ತಿತ್ತು, ಫುಟ್‌ಬಾಲ್ ಇಲ್ಲದ ಕಾಲದಲ್ಲಿ ಹವಾಮಾನ ಬರುತ್ತಿತ್ತು, ಹಿಮ ಜಾಸ್ತಿಯಾಯಿತು ಎಂಬ ವಿಷಯದಲ್ಲಿ ಇಡೀ ಊರು ಒಮ್ಮತದಿಂದಿತ್ತು. ಆಮೇಲೆ ಯಾರೋ ಸುದ್ದಿ ಹಾಕಿದರು, ಇನ್ನೊಬ್ಬರು ಅದನ್ನು ಬದಲಿಸಿದರು, ರಿಮೋಟ್ ಕಾಣೆಯಾಯಿತು, ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತು, ಮತ್ತೆ ಕಾಣೆಯಾಯಿತು. ನಮ್ಮ ಸೀಮೆಯ ಜನ ಮುಖಕ್ಕೆ ಮುಖ ಕೊಟ್ಟು ಜಗಳವಾಡುವವರಲ್ಲ. ನಸುನಕ್ಕು, ಚಳಿಯ ಬಗ್ಗೆ ಎರಡು ಮಾತಾಡಿ, ಒಂದು ಸಮಿತಿ ರಚಿಸುವವರು. ಆ ಸಮಿತಿ ಊರಿನ ಶಾಂತಿಗಾಗಿ ತಮ್ಮಿಬ್ಬರನ್ನೂ ಖರೀದಿಸಿ ಎದುರುಬದುರಾಗಿ ತೂಗುಹಾಕಿತು.

ಅಂದಿನಿಂದ ನಿಜಕ್ಕೂ ಶಾಂತಿ ನೆಲೆಸಿದೆ. ಉದ್ದನೆಯ ಮೇಜಿನ ಈಚೆ ಕೂತವರು ಆಚೆಯವರ ತಲೆಯ ಮೇಲಿನಿಂದ ಉತ್ತರದವರನ್ನು ನೋಡುತ್ತಾರೆ, ಆಚೆ ಕೂತವರು ಈಚೆಯವರ ತಲೆಯ ಮೇಲಿನಿಂದ ದಕ್ಷಿಣದವರನ್ನು ನೋಡುತ್ತಾರೆ, ಹೀಗೆ ಮೂವತ್ತು ವರ್ಷ ಒಬ್ಬರಿಗೊಬ್ಬರು ಬ್ರೆಡ್ಡಿನ ಬುಟ್ಟಿ ದಾಟಿಸಿದ ಜನ ಈಗ ಎದುರಿನವರು ಕನ್ನಡಕ ಬದಲಿಸಿದ್ದನ್ನೂ ಗಮನಿಸದೆ ಊಟ ಮುಗಿಸಿ ಏಳುತ್ತಾರೆ. ಇಂಥ ವ್ಯವಸ್ಥೆಯನ್ನು ಯಾವ ಸರ್ಕಾರವೂ ಮಾಡಲಾರದು.

ನನ್ನ ಮಗಳು ಗ್ರೆಚನ್ ಈಚೆ ಕೂರುತ್ತಾಳೆ. ನನ್ನ ತಮ್ಮ ನಾರ್ಬರ್ಟ್ ಅವಳೆದುರಿಗೆ ಆಚೆ ಕೂರುತ್ತಾನೆ. ಇವರಿಬ್ಬರ ನಡುವಿನ ವಿಷಯ ಗ್ರೆಚನ್ನಳ ಮಗು ರೋವನ್. ಹೆಣ್ಣಾಗಿ ಹುಟ್ಟಿದ ಈ ಹದಿನೈದರ ಮಗು, ಎರಡು ವರ್ಷದಿಂದ ತಾನು ಹುಡುಗನೆಂದು ಹೇಳುತ್ತಿದೆ, ಕನ್ನಡಿ ಕಂಡರೆ ಮುಖ ತಿರುಗಿಸುತ್ತದೆ, ಮೈಯನ್ನು ಹುಡುಗನಂತೆ ಬದಲಿಸುವ ಔಷಧಿ ಬೇಕೆಂದು ಕೇಳುತ್ತಿದೆ. ಅದೇ ಸಮಯಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲಿ, ಅಂಥ ಔಷಧಿಯನ್ನು ಹದಿನೆಂಟರೊಳಗಿನವರಿಗೆ ಕೊಡಬೇಕೋ ಬಾರದೋ ಎಂಬ ಮಸೂದೆ ಚರ್ಚೆಗೆ ಬಂದಿದೆ.

ಈ ವಿಷಯದಲ್ಲಿ ತಮ್ಮಿಬ್ಬರ ಪಾಂಡಿತ್ಯಕ್ಕೆ ನಾನು ತಲೆಬಾಗುತ್ತೇನೆ. ಉತ್ತರದವರು ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಾಗಿದೆಯೆಂದೂ, ಇನ್ನೂ ಪ್ರಶ್ನೆ ಕೇಳುವವರು ಕಲ್ಲೆದೆಯವರೆಂದೂ ಸ್ಪಷ್ಟಪಡಿಸಿದ್ದೀರಿ. ದಕ್ಷಿಣದವರು, ವೈದ್ಯರೆಲ್ಲ ಚಾಕು ಮಸೆಯುತ್ತ ಶಾಲೆಯ ಗೇಟಿನಲ್ಲಿ ನಿಂತಿದ್ದಾರೆಂದೂ, ಅಂಥ ಮಕ್ಕಳ ತಾಯಂದಿರಿಗೆ ಬುದ್ಧಿ ಕೆಟ್ಟಿದೆಯೆಂದೂ ಪ್ರತಿ ಶುಕ್ರವಾರ ಎಚ್ಚರಿಸಿದ್ದೀರಿ. ರೋವನ್‌ನನ್ನು ಒಮ್ಮೆಯೂ ನೋಡದೆ ತಾವಿಬ್ಬರೂ ಇಷ್ಟು ತಿಳಿದುಕೊಂಡಿದ್ದೀರಿ. ತೊಟ್ಟಿಲಲ್ಲಿ ನೋಡಿದ ನನಗೆ ಇದರ ಕಾಲುಭಾಗವೂ ತಿಳಿಯಲಿಲ್ಲ ಎಂಬುದೇ ನಾಚಿಕೆ.

ನಮ್ಮನ್ನು ಕೂರಿಸಿಕೊಂಡು ಮಾತಾಡಿದ ಡಾಕ್ಟರಮ್ಮನಂತೂ ತಮ್ಮ ಮುಂದೆ ಏನೂ ಅಲ್ಲ. "ಕೆಲವು ಮಕ್ಕಳಿಗೆ ಇದ್ರಿಂದ ನೆಮ್ಮದಿ ಸಿಕ್ಕಿದ್ದನ್ನ ನೋಡಿದ್ದೀನಿ. ಆಮೇಲೆ ಬೇಡಿತ್ತು ಅಂದವರೂ ಇದ್ದಾರೆ. ಇದರ ಬಗ್ಗೆ ನಡೆದಿರೋ ಸಂಶೋಧನೆ ಸಾಲದು, ವೈದ್ಯರಲ್ಲೇ ಒಮ್ಮತ ಇಲ್ಲ. ಮೊದಲು ಮಗು ಜೊತೆ ಮಾತಾಡ್ತಾ ಹೋಗೋಣ," ಎಂದರು ಆಕೆ. ಇಂಥ ಮಾತಿಗೆ ತಮ್ಮಲ್ಲಿ ಯಾರು ತಾನೇ ಪರದೆಯ ಕೆಳಗೆ ಕೆಂಪು ಪಟ್ಟಿ ಓಡಿಸುತ್ತಾರೆ?

ಹೀಗಾಗಿ ನಮ್ಮ ಮನೆಯವರು ಡಾಕ್ಟರಮ್ಮನನ್ನು ಬಿಟ್ಟು ತಮ್ಮನ್ನೇ ಆಶ್ರಯಿಸಿದರು. "ಆ ಕೂಸಿಗೆ ನಾವು ಇನ್ನೂ ಕಾರು ಓಡಿಸೋಕೆ ಬಿಡಲ್ಲ, ಇದಕ್ಕೆ ಬಿಡ್ತೀಯಾ?" ಎಂದ ನಾರ್ಬರ್ಟ್. "ಮಾವ, ರಾತ್ರಿ ಅದರ ಕೋಣೆ ಬಾಗಿಲ ಹೊರಗೆ ಕೂತು ಉಸಿರು ಕೇಳಿಸ್ಕೊಳ್ಳೋಳು ನಾನು. ನೀವು ನಿಮ್ಮ ಟಿವಿ ಹೇಳಿದ್ದನ್ನ ಹೇಳ್ತಿದ್ದೀರಿ ಅಷ್ಟೆ," ಎಂದಳು ಗ್ರೆಚನ್. "ನೀನು ನಿನ್ನ ಟಿವಿ ಹೇಳಿದ್ದನ್ನ ಹೇಳ್ತಿದ್ದೀಯ," ಎಂದ ಅವನು. ಅದಾದ ಮೇಲೆ ಇಬ್ಬರೂ ಮಾತು ಬಿಟ್ಟರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ತನ್ನ ಪುಟ್ಟ ಮರದ ಗುಡಿಸಲನ್ನು ಎಳೆದೊಯ್ದು, ಮಂಜುಗಡ್ಡೆಯಲ್ಲಿ ತೂತು ಕೊರೆದು ರೋವನ್‌ಗೆ ಮೀನು ಹಿಡಿಯುವುದನ್ನು ಕಲಿಸಿದವನು ಈ ನಾರ್ಬರ್ಟ್‌ನೇ. ಈ ವರ್ಷ ಆ ಗುಡಿಸಲು ಅವನ ಕೊಟ್ಟಿಗೆಯಿಂದ ಹೊರಗೇ ಬರಲಿಲ್ಲ. ರೋವನ್ ಮೀನೂಟಕ್ಕೂ ಬರುವುದನ್ನು ನಿಲ್ಲಿಸಿತು, ಏಕೆಂದರೆ ಯಾವ ಕಡೆಯ ಕುರ್ಚಿಯಲ್ಲಿ ಕೂತರೂ ಅದು ಒಂದು ಮತದ ಲೆಕ್ಕಕ್ಕೆ ಬರುತ್ತಿತ್ತು.

ಈಗ ನನ್ನ ದೂರಿಗೆ ಬರುತ್ತೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಪಕ್ಕದ ನಗರದ ಟಿವಿ ಕೇಂದ್ರದಿಂದ ಮೈಕು, ಕ್ಯಾಮೆರಾ ಹಿಡಿದು ಬಂದ ಒಬ್ಬ ತರುಣಿ ನನ್ನನ್ನು ಭವನದ ಮೆಟ್ಟಿಲ ಮೇಲೆ ನಿಲ್ಲಿಸಿ ಮಸೂದೆಯ ಬಗ್ಗೆ ಕೇಳಿದಳು. ನಾನು ಹೇಳಿದ್ದು ಇಷ್ಟು: "ಈ ಮಕ್ಕಳ ನೋವು ಸುಳ್ಳಲ್ಲಮ್ಮ, ಅವರಿಗೆ ನೆರವು ಸಿಗಲೇಬೇಕು. ಆದ್ರೆ ಎಳೇ ಮೈಗೆ ಔಷಧಿ ಅಂದ್ರೆ ನನಗೆ ಭಯ ಆಗತ್ತೆ. ಯಾರು ಸರಿ ಅಂತ ನನಗೆ ಗೊತ್ತಿಲ್ಲ. ಗೊತ್ತಾಗೋವರೆಗೂ ನನ್ನ ಮೊಮ್ಮಗು ಪಕ್ಕದಲ್ಲಿ ಕೂತಿರ್ತೀನಿ, ಆಮೇಲೂ ಅಲ್ಲೇ ಕೂತಿರ್ತೀನಿ." ಆ ಚಿತ್ರವನ್ನು ತಾವಿಬ್ಬರೂ ಅವಳ ಕೇಂದ್ರದಿಂದ ತರಿಸಿಕೊಂಡಿರೆಂದು ನನಗೆ ಮುಂದಿನ ಶುಕ್ರವಾರವೇ ತಿಳಿದದ್ದು.

ಆ ಶುಕ್ರವಾರ ನಾನು ಬೇಡಿಕೊಂಡೆನೆಂದು ರೋವನ್ ಬಂದಿತ್ತು. ಯಾವ ಕಡೆಗೂ ಸೇರದಂತೆ ಮೇಜಿನ ತುದಿಗೆ ಎರಡು ಕುರ್ಚಿ ಹಾಕಿಸಿದ್ದೆ. ಮೀನು ಇನ್ನೂ ಬಿಸಿಯಿತ್ತು. ಉತ್ತರದ ಗೋಡೆಯ ಮೇಲೆ ನನ್ನ ಮುಖ ಮೂಡಿ, ಮಕ್ಕಳಿಗೆ ನೆರವು ಸಿಗಲೇಬೇಕು ಎಂದಿತು. ಕೆಳಗೆ, ಹಳ್ಳಿ ಅಜ್ಜಿಯ ದಿಟ್ಟ ದನಿ ಎಂದು ಬರೆದಿತ್ತು. ಅದು ಮುಗಿಯುವ ಮೊದಲೇ ದಕ್ಷಿಣದ ಗೋಡೆಯ ಮೇಲೆ ಅದೇ ಮುಖ, ಅದೇ ಸ್ವೆಟರು, ಅದರ ಮೇಲೆ ಅದೇ ಸಾಸಿನ ಕಲೆ, ಔಷಧಿ ಅಂದ್ರೆ ಭಯ ಎಂದಿತು. ಕೆಳಗೆ, ಕೊನೆಗೂ ಬಾಯಿಬಿಟ್ಟ ಅಜ್ಜಿ ಎಂದು ಬರೆದಿತ್ತು. ನನ್ನ ಮೇಲೆ ನಾನೇ ಎರಡೂ ಕಡೆಯಿಂದ ಕಿರುಚಿಕೊಳ್ಳುವ ಗೌರವ ಈ ಊರಿನಲ್ಲಿ ಬೇರಾರಿಗೂ ಸಿಕ್ಕಿಲ್ಲ. ಎರಡು ಸಾಲಿನವರೂ ಅಭಿನಂದಿಸಲು ಎದ್ದು ಬಂದರು, ಇನ್ನೊಂದು ಸಾಲಿನವರನ್ನು ಕಂಡು ಕೈ ಹಿಂತೆಗೆದುಕೊಂಡರು.

ರೋವನ್ ಎರಡೂ ಗೋಡೆ ನೋಡಿತು. "ಅಜ್ಜಿ, ಇದ್ರಲ್ಲಿ ನೀನು ಯಾವ್ದು?" ಎಂದಿತು. "ಎರಡೂ ನಾನೇ, ಚಿನ್ನ. ಆದ್ರೆ ಇನ್ನೂ ಇತ್ತು," ಎಂದು ಉಳಿದದ್ದನ್ನೂ ಹೇಳಿದೆ. ಆ ಗದ್ದಲದಲ್ಲಿ ಎರಡೆರಡು ಸಲ ಹೇಳಬೇಕಾಯಿತು. ಮಗು ಬ್ರೆಡ್ಡಿನ ಅಂಚು ಮುರಿಯುತ್ತ, "ಹಂಗಂದಿದ್ರೆ ಯಾರಾದ್ರೂ ಒಬ್ರು ತೋರಿಸ್ತಿದ್ರಲ್ವಾ?" ಎಂದಿತು. ಸಿಟ್ಟಿನಿಂದಲ್ಲ, ನನಗೆ ನೋವಾಗಬಾರದೆಂಬಂತೆ ಮೆಲ್ಲಗೆ ಹೇಳಿ, ಹೊರಗೆ ಹೋಗಿ ನಾವು ಬಂದಿದ್ದ ಪಿಕಪ್ ಟ್ರಕ್ಕಿನಲ್ಲಿ ಕೂತಿತು. ಮಾನ್ಯರೇ, ಅಂದಿನಿಂದ ನನಗೆ ಸರಿಯಾಗಿ ಅನ್ನ ಸೇರಿಲ್ಲ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳು. ತಾವು ಕತ್ತರಿಸಿ ಬಿಸಾಡಿದ ನನ್ನ ಕೊನೆಯ ಮಾತನ್ನು ಹುಡುಕಿಸಿ, ತೊಳೆದು ಒರೆಸಿ, ಇಬ್ಬರೂ ಒಂದೇ ಗಳಿಗೆಯಲ್ಲಿ ಪ್ರಸಾರ ಮಾಡಿ ಮೊಮ್ಮಗುವಿನ ಮುಂದೆ ನನ್ನ ಪರ ಸಾಕ್ಷಿ ಹೇಳಬೇಕು. ಅದಾದ ಮೇಲೆ ಇಬ್ಬರಲ್ಲಿ ಒಬ್ಬರಾದರೂ, ನಮಗೂ ಗೊತ್ತಿಲ್ಲ ಎಂದು ಹೇಳಿ, ಒಂದು ತಟ್ಟೆ ಮೀನು ಆರುವಷ್ಟು ಹೊತ್ತು ಸುಮ್ಮನಿರಬೇಕು. ಅದು ತಮ್ಮ ಘನತೆಗೆ ತಕ್ಕುದಲ್ಲವೆಂದಾದರೆ ನಾರ್ಬರ್ಟ್‌ನ ಗುಡಿಸಲನ್ನು ಕೆರೆಯ ಮೇಲೆ ತಾವೇ ಎಳೆದುಕೊಂಡು ಹೋಗಿ, ಮಗುವಿನ ಪಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅದು ಹೇಳುವುದನ್ನು ಜಾಹೀರಾತಿಲ್ಲದೆ ಕೇಳಬೇಕು.

ಇನ್ನೂ ತಮ್ಮ ಕೆಳಗೇ ಕೂತು ಉಣ್ಣುತ್ತಿರುವ,
ತಮ್ಮ ವಿಶ್ವಾಸಿ,
ಬರ್ನೀಸ್ ಕುಲಾಸ್

ತಾಜಾಕಲಂ: ಜಗತ್ತಿನ ಯಾವ ವಿಷಯದಲ್ಲೂ ಒಂದಾಗದ ತಾವಿಬ್ಬರೂ ಅಡುಗೆಮನೆಯ ಒಂದೇ ಫ್ಯೂಸಿನಿಂದ ಕರೆಂಟು ಕುಡಿಯುತ್ತಿದ್ದೀರೆಂಬುದು ತಮಗೆ ಗೊತ್ತಿರಲಾರದು. ಕಾಫಿ ಕಾಯಿಸುವ ಕರೆಂಟಿನ ದೊಡ್ಡ ಹಂಡೆಯ ಪ್ಲಗ್ಗನ್ನೂ ಅದೇ ಸಾಲಿಗೆ ಚುಚ್ಚಿದರೆ ಆ ಫ್ಯೂಸು ಹಾರಿಹೋಗುತ್ತದೆ. ಕಳೆದ ವರ್ಷ ಹಾಗಾದಾಗ ತಾವಿಬ್ಬರೂ ಒಟ್ಟಿಗೆ ಆರಿಹೋದಿರಿ, ದೀಪಗಳು ಮಾತ್ರ ಉರಿಯುತ್ತಲೇ ಇದ್ದವು, ನೋಡಲು ಬೇರೇನೂ ಇಲ್ಲದೆ ಜನ ಎದುರಿಗಿದ್ದವರ ಮುಖ ನೋಡಿದ್ದರು. ಈ ಶುಕ್ರವಾರ ಕಾಫಿಯ ಸರದಿ ನನ್ನದು. ಗ್ರೆಚನ್ ಬರುತ್ತಾಳೆ, ನಾರ್ಬರ್ಟ್ ಬರುತ್ತಾನೆ, ಮೇಜಿನ ತುದಿಯಲ್ಲಿ ರೋವನ್‌ಗೆ ಒಂದು ಕುರ್ಚಿ ಹಾಕಿಸಿದ್ದೇನೆ. ಹಂಡೆಯ ಪ್ಲಗ್ಗು ಚುಚ್ಚಿದ ಮೇಲೆ ನಾನು ರೋವನ್‌ನ ಪಕ್ಕದ ಕುರ್ಚಿಯಲ್ಲಿ ಕೂತು, ಆ ಕೊನೆಯ ಮಾತನ್ನು ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳುವವಳಿದ್ದೇನೆ.