ಸೊಂಟದ ಮೂರು ಬಗೆ ಫೋಟೋ, ಒಂದು ಉಡದಾರ

ಬಟ್ಟೆ ವ್ಯಾಪಾರಿಗೆ ಆಯ್ಕೆ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪುಣೆಯ ಬಿಬವೇವಾಡಿಯ ನನ್ನ ಅಂಗಡಿಯಲ್ಲಿ ಇಳಕಲ್ ಸೀರೆಯನ್ನು ಬೆಳಕಿಗೆ ಹಿಡಿದು, ಇದು ಕೈಮಗ್ಗದ್ದು, ಇದು ಅಲ್ಲ ಎಂದು ಕ್ಷಣದಲ್ಲಿ ಹೇಳುವವನು ನಾನು. ಅಂಥವನಿಗೆ ತನ್ನದೇ ಸೊಂಟದ ಕೀಲಿಗೆ ಯಾವ ಬಗೆಯ ಫೋಟೋ ಬೇಕೆಂದು ಆರಿಸುವುದು ಯಾವ ಮಹಾ ಕೆಲಸ?

ಬಲ ತೊಡೆಸಂದಿನಲ್ಲಿ ನೋವು ಶುರುವಾಗಿ ಎರಡು ತಿಂಗಳಾಗಿತ್ತು. ಗಾದಿಯ ಮೇಲೆ ಕೂತರೆ ಏಳುವುದು ಕಷ್ಟ. ಸದಾಶಿವ ಪೇಠದ ಎಲುಬಿನ ಡಾಕ್ಟರು ಮೊದಲು ಎಕ್ಸ್-ರೇ ಬರೆದುಕೊಟ್ಟರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದರು ಅಲ್ಲಿಯವರು. ಗಡಿಯಾರ, ಉಂಗುರ ತೆಗೆದೆ. ಉಡದಾರ ತೆಗೆಯಲಿಲ್ಲ. ಗಂಡಸಿನ ಸೊಂಟದಿಂದ ಆ ಕರಿದಾರ ಇಳಿಯುವುದು ಅವನು ಸತ್ತ ಮೇಲೆ ಎಂಬುದು ನಮ್ಮ ಮನೆತನದ ಕಾನೂನು. ನನ್ನ ದಾರಕ್ಕೆ ಅಂಗಡಿಯ ಕಬ್ಬಿಣದ ಬೀಗದ ಕೈ, ಎರಡು ಪಿನ್ನು ಜೋತುಬಿದ್ದಿದ್ದವು. ಅವು ಲೋಹ ಎಂದು ನನಗೆ ಅನಿಸಿರಲೇ ಇಲ್ಲ; ಅವಯವಗಳೇ ಆಗಿಹೋಗಿದ್ದವು.

ಫಿಲ್ಮಿನಲ್ಲಿ ಕೀಲು ಇರಬೇಕಾದ ಕಡೆ ಬೀಗದ ಕೈ ಬಂತು. ಹಲ್ಲು ಸಮೇತ! ಅದನ್ನು ನೋಡಿ ಬೇಕಾದರೆ ಇನ್ನೊಂದು ಕೈ ಮಾಡಿಸಬಹುದಿತ್ತು.

ಎರಡನೆಯ ಸಲ ಜಾಣನಾದೆ. ಉಡದಾರವನ್ನು ಎದೆಯವರೆಗೆ ಎಳೆದುಕೊಂಡು, ಉಸಿರು ಸಿಕ್ಕದೆ ಮಲಗಿದೆ. ಚಿತ್ರ ಸ್ವಚ್ಛವಾಗಿ ಬಂತು, ದೋಷವೇನೂ ಕಾಣಲಿಲ್ಲ. ಡಾಕ್ಟರು ಎಂ.ಆರ್.ಐ. ಬೇಕೆಂದರು. ಪುಣೆಯಲ್ಲಿ ಅದು ಆಗಿನ್ನೂ ಹೊಸದು. ಕೊಳವೆಯಲ್ಲಿ ಬಹಳ ಹೊತ್ತು ಮಲಗಬೇಕಂತೆ. ಸಿ.ಟಿ. ಬೇಗ ಮುಗಿಯುತ್ತದೆ ಎಂದು ಹಟ ಹಿಡಿದು ಅದನ್ನೇ ಮಾಡಿಸಿದೆ. ಎಲುಬನ್ನು ಸೌತೆಕಾಯಿಯಂತೆ ಹೋಳು ಹೋಳಾಗಿ ತೋರಿಸುವ ಚೆಂದದ ಫಿಲ್ಮು. ಎರಡನ್ನೂ ಅಂಗಡಿ ಬಾಗಿಲ ಬೆಳಕಿಗೆ ಹಿಡಿದು, ಮಾಲು ಚೊಕ್ಕ ಇದೆ, ಕೀಲಿಗೆ ಏನೂ ಆಗಿಲ್ಲ ಎಂದು ತೀರ್ಪು ಕೊಟ್ಟೆ. ಕೊಟ್ಟು ಏಳಲು ಹೋದೆ. ಏಳಲಾಗಲಿಲ್ಲ.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಎಕ್ಸ್-ರೇ ಎಲುಬಿನ ಆಕಾರ ತೋರಿಸುತ್ತದೆ; ಸಿ.ಟಿ. ಅದನ್ನೇ ಎಲ್ಲ ಮಗ್ಗುಲಿಂದ ತೋರಿಸುತ್ತದೆ. ರಕ್ತ ಸಿಗದೆ ಎಲುಬಿನ ಒಳಗು ಸಾಯತೊಡಗಿದ್ದರೆ ಅದು ಬೇಗ ಕಾಣುವುದು ಎಂ.ಆರ್.ಐ.ಯಲ್ಲಿ. ಇನ್ನೂ ತಡಮಾಡಿದರೆ ತೊಡೆ ಎಲುಬಿನ ತಲೆ ಕುಸಿದು, ಕೀಲನ್ನೇ ಬದಲಿಸಬೇಕಾದೀತು. ಹಟ ಬಿಟ್ಟು ಎಂ.ಆರ್.ಐ.ಗೆ ಒಪ್ಪಿದೆ.

ಎಂ.ಆರ್.ಐ. ಕೋಣೆಯ ಬಾಗಿಲಲ್ಲಿದ್ದ ಹುಡುಗಿ, ಒಳಗೆ ಭಾರಿ ಅಯಸ್ಕಾಂತವಿದೆ, ಮೈಮೇಲೆ ಲೋಹವಿಲ್ಲ ತಾನೆ ಎಂದು ಮರಾಠಿಯಲ್ಲಿ ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲ ಎಂದೆ. ಬೆಂಚಿನ ಮೇಲಿದ್ದ ನನ್ನ ಹೆಂಡತಿ ಎದ್ದು ಬಂದು ಅವಳಿಂದ ಕತ್ತರಿ ಕೇಳಿ ತೆಗೆದುಕೊಂಡಳು.

“ನಿನ್ನ ಕುಂಕುಮದ ಸಲವಾಗಿ ಇಟ್ಟಕೊಂಡೀನಿ,” ಎಂದೆ.

“ದಾರ ಹೋದ್ರ ನನ್ನ ಕುಂಕುಮಕ್ಕ ಏನೂ ಆಗೂದಿಲ್ರಿ. ಕಾಲು ಹೋದ್ರ ನಿಮ್ಮನ್ನ ಎತ್ತೂದು ನನ್ನ ಕೈಲೆ ಆಗೂದಿಲ್ಲ,” ಎಂದಳು.

ಕತ್ತರಿ ಕೆಲಸ ಮಾಡಿತು. ನಾನು ಸಾಯಲಿಲ್ಲ.

ದೋಷ ಸಿಕ್ಕಿತು, ಎಲುಬು ಕುಸಿಯುವ ಮೊದಲೇ. ಒಂದು ಸಣ್ಣ ಆಪರೇಶನ್, ಕೆಲವು ತಿಂಗಳು ಊರುಗೋಲು, ಕೀಲು ಉಳಿಯಿತು. ಬೈಯದೆ ತಿಳಿಸಿ ಹೇಳಿದ ಡಾಕ್ಟರಿಗೂ, ಮೂರು ಸಲ ಕೇಳಿದ ಆ ಹುಡುಗಿಗೂ ನಾನು ಋಣಿ. ಹೆಂಡತಿಗೆ ಎಷ್ಟು ಋಣಿ ಎಂಬುದನ್ನು ಅವಳೇ ವಾರಕ್ಕೊಮ್ಮೆ ತಿಳಿಸುತ್ತಾಳೆ.

ಈಗ ಚೆನ್ನಾಗಿ ನಡೆಯುತ್ತೇನೆ. ಪರಿಚಯದವರು ಎದುರು ಬಂದು ಹೇಗಿದ್ದೀರಿ ಎಂದು ಕೇಳಿದರೆ ಮಾತ್ರ, ಕಥೆಗೊಂದು ತೂಕವಿರಲಿ ಎಂದು ನಾಲ್ಕು ಹೆಜ್ಜೆ ಕುಂಟುತ್ತೇನೆ. ಮೊನ್ನೆ ಹಾಗೆ ಕುಂಟುವಾಗ ಹೆಂಡತಿ ಪಕ್ಕದಿಂದ ಮೆಲ್ಲಗೆ ಹೇಳಿದಳು: “ಬಲಗಾಲ್ರಿ, ಬಲಗಾಲು.”